ರೈಪೇರಿಯನ್: ದಂಡೆಯನ್ನು ಮುಟ್ಟಿದ್ದಕ್ಕೆ ಮಾತ್ರ

ಕಾವೇರಿ ನೀರಿನ ವಿವಾದವನ್ನು ಕುರಿತ ಇಂಗ್ಲಿಷ್ ಬರಹಗಳಲ್ಲಿ ‘ರೈಪೇರಿಯನ್’ ಎಂಬ ಗುಣವಾಚಕ ಮತ್ತೆ ಮತ್ತೆ ಬರುತ್ತದೆ. ನದಿಗೆ ಹೇಗೋ ಸಂಬಂಧಪಟ್ಟದ್ದು ಎಂಬ ಸಡಿಲ ಅರ್ಥದಲ್ಲಿ ಅದನ್ನು ಬಳಸುವವರಿದ್ದಾರೆ. ಮಂಡ್ಯದವರಾದ ನಾವು ಹಾಗೆ ಬಳಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದಂಡೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಈ ಗುಣವಾಚಕ, ಹರಿಯುವ ನೀರಿನ ಅಂಚಿನಲ್ಲಿರುವುದನ್ನು ಸೂಚಿಸುತ್ತದೆ. ಸಮುದ್ರತೀರಕ್ಕೆ ಇಂಗ್ಲಿಷಿನಲ್ಲಿ ‘ಲಿಟೊರಲ್’ ಎಂಬ ಬೇರೆಯೇ ಪದವಿದೆ. ಶ್ರೀರಂಗಪಟ್ಟಣದ ಸುತ್ತಮುತ್ತ ಹೊಳೆಯ ಅಂಚಿಗೆ ನಿಂತ ಹೊಳೆಮತ್ತಿಯ ಮರಗಳನ್ನು ನೋಡಿದರೆ ಇದರ ಅರ್ಥ ಕಣ್ಣಿಗೇ ಕಾಣುತ್ತದೆ. ಬಿಳಿಚಿಕೊಂಡ ನುಣುಪು ತೊಗಟೆ ಹಾಳೆಹಾಳೆಯಾಗಿ ಸುಲಿಯುತ್ತಿರುತ್ತದೆ. ಪ್ರವಾಹ ಮಣ್ಣನ್ನು ಕೊಚ್ಚಿಕೊಂಡು ಹೋದ ಕಡೆ ಬೇರುಗಳು ಹೊರಬಿದ್ದು, ಉಳಿದ ದಡವನ್ನು ಬಿಗಿಯಾಗಿ ಹಿಡಿದಿರುತ್ತವೆ. ಪರಿಸರ ವಿಜ್ಞಾನಿಗಳು ‘ರೈಪೇರಿಯನ್’ ಸಸ್ಯವರ್ಗ ಎನ್ನುವುದು ಇಂಥ ಮರಗಿಡಗಳನ್ನೇ.

ಕಾನೂನಿನಲ್ಲಿ ಈ ಪದಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಸಹಜವಾಗಿ ಹರಿಯುವ ತೊರೆಗೆ ತಾಗಿದ ಜಮೀನಿನ ಒಡೆಯನು ಕುಡಿಯಲು, ಮನೆಬಳಕೆಗೆ, ದನಕರುಗಳಿಗೆ ಮತ್ತು ಆ ಜಮೀನಿನ ಸಾಗುವಳಿಗೆ ಅದರ ನೀರನ್ನು ಬಳಸಬಹುದು, ಆದರೆ ಅಂಥದೇ ಹಕ್ಕುಳ್ಳ ಬೇರೆ ಒಡೆಯರಿಗೆ ಗಣನೀಯ ಹಾನಿ ಮಾಡಬಾರದು ಎಂಬ ತತ್ತ್ವವನ್ನು 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ಕಾಣಬಹುದು. ಇಲ್ಲಿ ‘ತಾಗಿದ’ ಎಂಬುದೇ ಮುಖ್ಯ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ನಮ್ಮ ಬಹುಪಾಲು ಗದ್ದೆಗಳು ಕಾವೇರಿಯಿಂದಲೇ ಬದುಕಿದರೂ ಈ ಅರ್ಥದಲ್ಲಿ ‘ರೈಪೇರಿಯನ್’ ಅಲ್ಲ, ಏಕೆಂದರೆ ಅವು ತಾಗಿರುವುದು ಮನುಷ್ಯರು ತೋಡಿದ ನಾಲೆಗೆ.

ರಾಜ್ಯಗಳ ವಿಷಯಕ್ಕೆ ಬಂದಾಗ ಅರ್ಥ ಹಿಗ್ಗುತ್ತದೆ. ನದಿ ಅಥವಾ ಅದರ ಉಪನದಿ ಹಾದುಹೋಗುವ ರಾಜ್ಯವೆಲ್ಲ ‘ರೈಪೇರಿಯನ್’ ರಾಜ್ಯವೇ: ಮೇಲಿರುವ ಕರ್ನಾಟಕ ‘ಅಪ್ಪರ್’, ಕೆಳಗಿರುವ ತಮಿಳುನಾಡು ‘ಲೋಯರ್’. ವಯನಾಡಿನಲ್ಲಿ ಕಬಿನಿ ಹುಟ್ಟುವುದರಿಂದ ಕೇರಳವೂ, ಕಾವೇರಿಯ ಮುಖಜಭೂಮಿಯಲ್ಲಿ ಕಾರೈಕಾಲ್ ಇರುವುದರಿಂದ ಪುದುಚೇರಿಯೂ ಈ ಸಾಲಿಗೆ ಸೇರುತ್ತವೆ. ಹಾಗೆಂದು ಮೇಲಿರುವವರಿಗೆ ನೀರಿನ ಒಡೆತನ ಬರುವುದಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಅಡಿ ನೀರನ್ನು ನಿಗದಿಪಡಿಸಿದಾಗ ನೋಡಿದ್ದು ನ್ಯಾಯೋಚಿತ ಪಾಲನ್ನು. ವಾದ ಮಂಡಿಸುವ ಅರ್ಹತೆಯನ್ನು ಈ ಗುಣವಾಚಕ ಕೊಡುತ್ತದೆ, ಪಾಲಿನ ಪ್ರಮಾಣವನ್ನಲ್ಲ. ಹೋರಾಟದ ದಿನಗಳಲ್ಲಿ ನಾವು ಮರೆಯುವುದು ಇದನ್ನೇ.

ಬರೆಯುವವರಿಗೆ ಒಂದು ಮಾತು: ಶ್ರೀರಂಗಪಟ್ಟಣ, ನಂಜನಗೂಡು, ತಿರುಮಕೂಡಲು ನರಸೀಪುರಗಳಿಗೆ ಈ ಪದ ಸಲೀಸಾಗಿ ಒಪ್ಪುತ್ತದೆ. ಕಾವೇರಿ ನೀರನ್ನೇ ಕುಡಿದರೂ ದಂಡೆಯಿಂದ ದೂರವಿರುವ ಮೈಸೂರು ಮತ್ತು ಮಂಡ್ಯ ಪಟ್ಟಣಗಳಿಗೆ ಅದನ್ನು ಹಚ್ಚಬೇಡಿ.