ಮೂರು ತಂಡ, ಒಂದೊಂದು ಗೆಲುವು

ನಾನು ಸಾಫ್ಟ್‌ವೇರ್ ಟೆಸ್ಟರ್. ಊರು ಮೈಸೂರು, ಕೆಲಸ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ–ಡರ್ಹಮ್ ಕಡೆ. ಕಾಲೇಜು ಕ್ರೀಡೆಗಳ ವೇಳಾಪಟ್ಟಿ, ಸ್ಕೋರು, ಯಾವ ತಂಡ ಉಳಿದಿದೆ, ಯಾವುದು ಹೊರಬಿದ್ದಿದೆ ಎಂಬುದನ್ನೆಲ್ಲ ತೋರಿಸುವ ಆ್ಯಪ್ ನಮ್ಮದು. 2018ರ ಮೇ ತಿಂಗಳಲ್ಲಿ ಒಂದು ಕಾಲೇಜು ಬೇಸ್‌ಬಾಲ್ ಪಂದ್ಯಾವಳಿಗಾಗಿ ನಾನು ಸರಿಯಿದೆ ಎಂದು ಒಪ್ಪಿ ಕಳಿಸಿದ ಒಂದು ಲೆಕ್ಕ ತಪ್ಪಾಗಿತ್ತು.

ಗೊತ್ತಾಗಿದ್ದು ಒಂದು ಮೇಲ್‌ನಿಂದ. ಬರೆದವರು ಒಬ್ಬ ಆಟಗಾರನ ತಂದೆ. ಬೇರೆ ರಾಜ್ಯದಿಂದ ಹತ್ತು ಗಂಟೆ ಕಾರು ಓಡಿಸಿಕೊಂಡು ಮಗನ ಆಟ ನೋಡಲು ಡರ್ಹಮ್‌ಗೆ ಬಂದಿದ್ದರು. ಮಗನ ತಂಡ ಮೊದಲ ಪಂದ್ಯ ಸೋತಿತ್ತು. ನಮ್ಮ ಆ್ಯಪ್‌ನಲ್ಲಿ ಮಾತ್ರ ಆ ತಂಡದ ಹೆಸರಿನ ಪಕ್ಕ ಹಸಿರು ಚುಕ್ಕೆ, ಕೆಳಗೆ ‘ಇನ್ನೂ ಕಣದಲ್ಲಿದೆ’ ಎಂಬ ಸಾಲು. ಅದನ್ನು ನಂಬಿ ಹೋಟೆಲ್ ರೂಮನ್ನು ಭಾನುವಾರದವರೆಗೆ ಮುಂದುವರಿಸಿದ್ದರು, ಆ ದುಡ್ಡು ವಾಪಸ್ ಬರುವಂಥದ್ದಲ್ಲ. ಹುಡುಗನ ಅಜ್ಜ-ಅಜ್ಜಿಗೆ ವಿಮಾನದ ಟಿಕೆಟ್ಟನ್ನೂ ಮಾಡಿಸಿದ್ದರು. ಮರುದಿನ ಸ್ಟೇಡಿಯಂನಲ್ಲಿ ಪಕ್ಕ ಕೂತವರು ‘ನಿಮ್ಮ ತಂಡದ್ದು ನಿನ್ನೆಯೇ ಮುಗೀತಲ್ಲ’ ಎಂದರಂತೆ. ಮೇಲ್‌ನ ಕೊನೆಯಲ್ಲಿ ಹೀಗೆ ಬರೆದಿದ್ದರು: ಮಗನಿಗೆ ಇದು ಗೊತ್ತಿತ್ತು, ಅಜ್ಜ-ಅಜ್ಜಿ ಬರುತ್ತಾರೆಂದು ನಾವೆಲ್ಲ ಖುಷಿಯಲ್ಲಿದ್ದಾಗ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಆ ಮೇಲನ್ನು ಓದಿ ಅರ್ಧ ಗಂಟೆ ನಾನು ಸುಮ್ಮನೆ ಕೂತಿದ್ದೆ. ನಮ್ಮ ಲೆಕ್ಕ ಸರಿಯೆಂದೇ ಇನ್ನೂ ಅನ್ನಿಸುತ್ತಿತ್ತು. ಒಂದು ಸೋಲಿಗೆ ಹೊರಬೀಳುವುದು ಹೇಗೆ?

ಇದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನ ಬೇಸ್‌ಬಾಲ್ ಪಂದ್ಯಾವಳಿ. ಇಲ್ಲಿ ಎಲ್ಲರೂ ಎಸಿಸಿ ಎನ್ನುತ್ತಾರೆ. ಕಾನ್ಫರೆನ್ಸ್ ಎಂದರೆ ತಮ್ಮತಮ್ಮಲ್ಲೇ ಋತುವಿಡೀ ಆಡುವ ವಿಶ್ವವಿದ್ಯಾಲಯಗಳ ಒಕ್ಕೂಟ. ಎಸಿಸಿ ಹುಟ್ಟಿದ್ದು 1953ರಲ್ಲಿ. ಋತುವಿನ ಕೊನೆಯಲ್ಲಿ ಎಲ್ಲರೂ ಒಂದೆಡೆ ಸೇರಿ ಆಡುವ ಬೇಸ್‌ಬಾಲ್ ಪಂದ್ಯಾವಳಿ ಶುರುವಾಗಿದ್ದು 1973ರಲ್ಲಿ, ಚಾಪೆಲ್ ಹಿಲ್‌ನಲ್ಲಿ. ಮೊದಲ ಮೂರು ವರ್ಷವೂ ಗೆದ್ದದ್ದು ಎನ್‌ಸಿ ಸ್ಟೇಟ್, ಅಂದರೆ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ. ಇದನ್ನು ಗೆದ್ದವರಿಗೆ 64 ತಂಡಗಳ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ. ಹಾಗಾಗಿ ಋತುವಿಡೀ ಸೋತ ತಂಡಕ್ಕೂ ಈ ಒಂದು ವಾರದ ಮೇಲೆ ಆಸೆ ಇರುತ್ತದೆ.

ಆಡಿಸುವ ಪದ್ಧತಿ ಮಾತ್ರ ಒಂದೇ ಆಗಿ ಉಳಿದಿಲ್ಲ. ಬಹಳ ವರ್ಷ ಇದ್ದದ್ದು ಡಬಲ್ ಎಲಿಮಿನೇಷನ್, ಎರಡು ಸೋತರೆ ಮನೆಗೆ. ಕಾಲೇಜು ಬೇಸ್‌ಬಾಲ್ ಎಂದರೆ ಇವತ್ತಿಗೂ ಹಲವರ ತಲೆಯಲ್ಲಿ ಬರುವುದು ಅದೇ. 2007ರಿಂದ ಎಂಟು ತಂಡಗಳನ್ನು ನಾಲ್ಕು ನಾಲ್ಕರ ಎರಡು ಪೂಲ್, ಅಂದರೆ ಗುಂಪು, ಮಾಡಿ ಗುಂಪಿನೊಳಗೆ ಎಲ್ಲರನ್ನೂ ಎಲ್ಲರೊಡನೆ ಆಡಿಸಿದರು. 2014ರಲ್ಲಿ ಹತ್ತು ತಂಡ ಆಯಿತು, ಕೆಳಗಿನ ನಾಲ್ಕಕ್ಕೆ ಮೊದಲ ದಿನವೇ ಸೋತರೆ ಹೊರಗೆ ಎನ್ನುವ ಪಂದ್ಯ. 2017ರಿಂದ ಹನ್ನೆರಡು ತಂಡ, ಮೂರು ಮೂರರ ನಾಲ್ಕು ಪೂಲ್, ಪ್ರತಿ ಪೂಲ್‌ನಿಂದ ಒಂದೇ ತಂಡ ಸೆಮಿಫೈನಲ್‌ಗೆ. ಪೂಲ್ ಪದ್ಧತಿಯಲ್ಲಿ ಒಂದು ಒಳ್ಳೆಯದಿದೆ. ಯಾವ ತಂಡ ಯಾವ ದಿನ ಆಡುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ, ಟಿಕೆಟ್ ಕೊಳ್ಳುವವರಿಗೂ ಟಿವಿಯವರಿಗೂ ಅನುಕೂಲ. ಚೆಂಡೆಸೆಯುವ ಪಿಚರ್‌ಗಳ ತೋಳಿನ ದಣಿವನ್ನೂ ಕೋಚ್ ಮುಂಚೆಯೇ ಲೆಕ್ಕ ಹಾಕಿಟ್ಟುಕೊಳ್ಳಬಹುದು.

ನಾವು ಎಡವಿದ್ದು ಈ ಮೂರರ ಪೂಲ್‌ನಲ್ಲಿ. ಕಾಗದದ ಮೇಲೆ ಬರೆದು ನೋಡಿ. ಪೂಲ್‌ನ ದೊಡ್ಡ ಸೀಡ್, ಅಂದರೆ ಶ್ರೇಯಾಂಕದಲ್ಲಿ ಎಲ್ಲರಿಗಿಂತ ಮೇಲಿರುವ ತಂಡ ಅ, ಉಳಿದೆರಡು ಬ, ಕ. ಒಟ್ಟು ಮೂರೇ ಪಂದ್ಯ. ಒಂದು ತಂಡ ಎರಡನ್ನೂ ಗೆದ್ದರೆ ಸರಿ, ಅದೇ ಮುಂದೆ ಹೋಗುತ್ತದೆ. ಇಲ್ಲದಿದ್ದರೆ ಮೂರಕ್ಕೂ ಒಂದೊಂದು ಗೆಲುವು, ಒಂದೊಂದು ಸೋಲು. ಆಗ ಯಾರು? ನಿಯಮದ ಪ್ರಕಾರ ದೊಡ್ಡ ಸೀಡ್, ಅಂದರೆ ಅ. ಅಷ್ಟೇ, ರನ್ನುಗಳ ಲೆಕ್ಕ ಬರುವುದೇ ಇಲ್ಲ. ಈಗ ಬ ಮತ್ತು ಕ ಮೊದಲು ಎದುರಾಗಿ ಬ ಸೋತಿತು ಎಂದಿಟ್ಟುಕೊಳ್ಳಿ. ಬ ಇನ್ನು ಏನೇ ಮಾಡಿದರೂ ಅದಕ್ಕೆ ಸಿಗುವುದು ಒಂದೇ ಗೆಲುವು. ಅ ತಂಡವನ್ನು ಅದು ಸೋಲಿಸಿತೆಂದೇ ಇರಲಿ. ಆಮೇಲೆ ಅ ತಂಡ ಕ ತಂಡವನ್ನು ಸೋಲಿಸಿದರೆ ಮೂವರೂ ಸಮ, ಅ ಮುಂದಕ್ಕೆ. ಕ ಗೆದ್ದರೆ ಕ ತಂಡಕ್ಕೆ ಎರಡು ಗೆಲುವು, ಕ ಮುಂದಕ್ಕೆ. ಬ ತಂಡಕ್ಕೆ ಬಾಗಿಲು ಮೊದಲ ಸೋಲಿನ ಹೊತ್ತಿಗೇ ಮುಚ್ಚಿತ್ತು. ಇನ್ನೊಂದು ಸಂಗತಿ ನನಗೆ ಬರೆಯುತ್ತ ಬರೆಯುತ್ತ ಹೊಳೆದದ್ದು. ಅ–ಬ ಪಂದ್ಯದ ಫಲಿತಾಂಶ ಏನೇ ಬಂದರೂ ಸೆಮಿಫೈನಲ್‌ಗೆ ಹೋಗುವವರು ಬದಲಾಗುವುದಿಲ್ಲ, ಎಲ್ಲ ತೀರ್ಮಾನವಾಗುವುದು ಅ–ಕ ಪಂದ್ಯದಲ್ಲಿ. ರಾಷ್ಟ್ರೀಯ ಪಂದ್ಯಾವಳಿಯ ಆಯ್ಕೆಗೆ ಆ ಗೆಲುವು ಲೆಕ್ಕಕ್ಕೆ ಬರುತ್ತದೆ ನಿಜ. ಆದರೂ ನಾಲ್ಕು ಪೂಲ್‌ಗಳಲ್ಲೂ ಇಂಥದೊಂದು ಪಂದ್ಯ ನಡೆಯುತ್ತಿತ್ತು, ಹುಡುಗರು ಮೈಕೈ ಮಣ್ಣು ಮಾಡಿಕೊಂಡು ಆಡುತ್ತಿದ್ದರು. ಆಡುವವರಿಗೆ ಇದು ನ್ಯಾಯವಲ್ಲ ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಆ ತಂದೆ ನೋಡಿದ ಹಸಿರು ಚುಕ್ಕೆಯ ಹಿಂದೆ ಇದ್ದದ್ದು ಹಳೆಯ ಡಬಲ್ ಎಲಿಮಿನೇಷನ್ ಲೆಕ್ಕ. ಎರಡನೇ ಸೋಲು ಬರುವವರೆಗೆ ನಮ್ಮ ಆ್ಯಪ್ ಯಾರನ್ನೂ ಹೊರಗೆ ಹಾಕುತ್ತಿರಲಿಲ್ಲ. ಮೂವರೂ ಸಮವಾದರೆ ಏನು ಎಂಬ ಜಾಗದಲ್ಲಿ ರನ್ ವ್ಯತ್ಯಾಸ ಹಾಕಲಾಗಿತ್ತು. ಆ ಸಾಲನ್ನು ನೋಡಿದಾಗ ನನಗೆ ಒಂದು ಕ್ಷಣವೂ ಅನುಮಾನ ಬಂದಿರಲಿಲ್ಲ. ಚಿಕ್ಕಂದಿನಿಂದ ಕ್ರಿಕೆಟ್ ನೋಡಿ ಬೆಳೆದವಳು, ಸಮ ಅಂಕ ಎಂದರೆ ನೆಟ್ ರನ್ ರೇಟ್ ಎನ್ನುವುದು ರಕ್ತದಲ್ಲೇ ಇದೆ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈ ಮೇಲೆ ಕನಿಷ್ಠ 18 ರನ್ನಿಂದ ಗೆಲ್ಲಬೇಕಿತ್ತು, 27ರಿಂದ ಗೆದ್ದಿತು. ಆ ರಾತ್ರಿ ಲೆಕ್ಕ ಹಾಕುತ್ತ ಕೂತಿದ್ದ ಯಾರಿಗಾದರೂ ನನ್ನ ಮಾತು ಅರ್ಥವಾಗುತ್ತದೆ. ನಲವತ್ತು ಟೆಸ್ಟ್ ಬರೆದಿದ್ದೆ, ನಲವತ್ತೂ ಪಾಸಾಗಿದ್ದವು. ಕೋಡ್ ಬರೆದವನೂ ಟೆಸ್ಟ್ ಬರೆದ ನಾನೂ ಒಂದೇ ತಪ್ಪನ್ನು ನಂಬಿದ್ದೆವು. ಕಾನ್ಫರೆನ್ಸ್ ಪ್ರಕಟಿಸಿದ ಆ ವರ್ಷದ ನಿಯಮದ ಹಾಳೆಯನ್ನು ಇಬ್ಬರೂ ತೆರೆದಿರಲಿಲ್ಲ.

ಮ್ಯಾನೇಜರ್‌ಗೆ ಹೇಳಿದೆ. ಚುಕ್ಕೆ ಅವತ್ತು ರಾತ್ರಿಯೇ ಸರಿಯಾಯಿತು. ಆ ತಂದೆಗೆ ನಾನೇ ಫೋನ್ ಮಾಡಿ ತಪ್ಪು ನನ್ನದು ಎಂದೆ. ಹೋಟೆಲ್ ದುಡ್ಡನ್ನು ಕಂಪನಿ ಕೊಟ್ಟಿತು. ಅವರು ಬೈಯಲಿಲ್ಲ, ಅಜ್ಜ-ಅಜ್ಜಿ ಹೇಗೂ ಬಂದರು, ಮೊಮ್ಮಗ ಕೊನೆಯ ಪಂದ್ಯ ಆಡಿದ್ದನ್ನು ನೋಡಿದರು ಎಂದರು.

ಆ ಬೇಸಿಗೆಯಲ್ಲಿ ಹಳೆಯ ವರ್ಷಗಳನ್ನೂ ತೆಗೆದು ಕೂತೆ. 1973ರಿಂದ ಈಚೆಗೆ ಪ್ರತಿ ವರ್ಷಕ್ಕೂ ಒಂದು ಸಾಲು. ಊರು, ತಂಡಗಳ ಸಂಖ್ಯೆ, ಪದ್ಧತಿ, ಸಮವಾದರೆ ಏನು. ಒಂದು ವರ್ಷದ ಉತ್ತರವನ್ನು ಕೆಳಗಿನ ಸಾಲಿಗೆ ಕಾಪಿ ಮಾಡಬಾರದು ಎಂದು ನನಗೆ ನಾನೇ ಕಟ್ಟುಪಾಡು ಹಾಕಿಕೊಂಡೆ. 2016ರ ಮುಂದೆ ಡರ್ಹಮ್, 2018ರ ಮುಂದೆ ಡರ್ಹಮ್. ನಡುವಿನ 2017ಕ್ಕೆ ಹಿಂದೆ ಯಾರೋ ಡರ್ಹಮ್ ಎಂದೇ ತುಂಬಿದ್ದರು. ಆ ವರ್ಷ ನಡೆದದ್ದು ಕೆಂಟಕಿಯ ಲೂಯಿವಿಲ್‌ನಲ್ಲಿ. ಟ್ರಾನ್ಸ್‌ಜೆಂಡರ್ ಜನರ ಶೌಚಾಲಯ ಬಳಕೆಯನ್ನು ನಿರ್ಬಂಧಿಸುವ ಎಚ್‌ಬಿ 2 ಕಾನೂನನ್ನು ನಾರ್ತ್ ಕ್ಯಾರೊಲಿನಾ 2016ರಲ್ಲಿ ತಂದದ್ದಕ್ಕೆ ಎಸಿಸಿ ಆ ಋತುವಿನ ಚಾಂಪಿಯನ್‌ಷಿಪ್‌ಗಳನ್ನು ಈ ರಾಜ್ಯದಿಂದ ಹೊರಗೆ ಒಯ್ದಿತ್ತು. 2013ರ ಸಾಲಿನಲ್ಲಿ ಇನ್ನೊಂದು ತೊಂದರೆ. ಬೇಸ್‌ಬಾಲ್ ಪಂದ್ಯ ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸಿನದು, ಸಮವಾದರೆ ಮುಂದುವರಿಯುತ್ತದೆ; ಡರ್ಹಮ್ ಬುಲ್ಸ್ ಅಥ್ಲೆಟಿಕ್ ಪಾರ್ಕ್‌ನಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ತಂಡ ಎನ್‌ಸಿ ಸ್ಟೇಟ್ ತಂಡವನ್ನು 2–1ರಿಂದ ಸೋಲಿಸಿದ್ದು 18 ಇನ್ನಿಂಗ್ಸ್ ಆಡಿ. ಎನ್‌ಸಿ ಸ್ಟೇಟ್‌ನ ಕಾರ್ಲೋಸ್ ರೊಡಾನ್ ಒಬ್ಬನೇ ಹತ್ತು ಇನ್ನಿಂಗ್ಸ್ ಪಿಚ್ ಮಾಡಿದ್ದ. ನಮ್ಮ ಸ್ಕೋರ್‌ಬೋರ್ಡ್‌ನಲ್ಲಿ ಇದ್ದದ್ದು ಹನ್ನೆರಡು ಮನೆ. ಹದಿಮೂರನೆಯದರಿಂದ ಮುಂದಿನದೆಲ್ಲ ಪರದೆಯ ಆಚೆ ಬಿದ್ದು, ಎರಡೂ ತಂಡ 1–1ಕ್ಕೆ ನಿಂತಂತೆ ಕಾಣುತ್ತಿತ್ತು. ಆಮೇಲೆ ಕೋವಿಡ್ ಬಂತು. 2020ರ ಸಾಲನ್ನು ಖಾಲಿ ಬಿಡುವುದಕ್ಕೆ ಬದಲು ‘ರದ್ದು’ ಎಂದು ಬರೆದೆ. ಅದರ ಮುಂದಿನ ಸಾಲು ತುಂಬುವಾಗ ತುಂಬ ಸಂತೋಷವಾಗಿತ್ತು. 2021ರಲ್ಲಿ ಶಾರ್ಲೆಟ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಗೆದ್ದಿತು, 1961ರ ನಂತರ ಅದಕ್ಕೆ ಸಿಕ್ಕ ಮೊದಲ ಎಸಿಸಿ ಪಟ್ಟ.

2025ರಲ್ಲಿ ಪೂಲ್ ಹೋಯಿತು. ಬೇಸ್‌ಬಾಲ್ ಆಡುವ ಹದಿನಾರೂ ತಂಡಗಳಿಗೆ ಪ್ರವೇಶ, ಒಂದು ಸೋತರೆ ಹೊರಗೆ, ಒಟ್ಟು 15 ಪಂದ್ಯ. ನಮ್ಮಲ್ಲಿ ಹಾಸನದ ಹುಡುಗನೊಬ್ಬ ಹೊಸದಾಗಿ ಸೇರಿದ್ದ. ‘ಅಕ್ಕ, ಸೋತ್ರೆ ಮನೆಗೆ, ಗೆದ್ರೆ ಮುಂದಕ್ಕೆ. ಇದ್ರಲ್ಲಿ ಟೆಸ್ಟ್ ಮಾಡೋಕೆ ಏನಿದೆ?’ ಎಂದ.

‘ನಿಯಮದ ಹಾಳೆ ತೆಗಿ. ಮೊದಲ ನಾಲ್ಕು ಸೀಡ್ ಯಾವತ್ತು ಆಡ್ತಾವೆ ನೋಡು’ ಎಂದೆ.

ಓದಿದ. ಮೊದಲ ಎರಡು ಸುತ್ತು ಅವಕ್ಕೆ ಪಂದ್ಯವೇ ಇಲ್ಲ, ನೇರವಾಗಿ ಕ್ವಾರ್ಟರ್ ಫೈನಲ್. ಐದರಿಂದ ಎಂಟರವರೆಗಿನವಕ್ಕೆ ಒಂದು ಸುತ್ತು ರಜೆ. ಟೆಸ್ಟ್ ಸರ್ವರ್‌ನಲ್ಲಿ ಎರಡನೇ ಸುತ್ತನ್ನು ಮುಗಿಸಿ ಪರದೆ ನೋಡಿದೆವು. ಒಂದೂ ಪಂದ್ಯ ಆಡದ ನಾಲ್ಕು ತಂಡಗಳ ಹೆಸರಿನ ಮುಂದೆ ತಲಾ ಎರಡು ಗೆಲುವು ಬರೆದಿತ್ತು. ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಹಾಳೆಯನ್ನು ಮತ್ತೆ ಮೊದಲ ಸಾಲಿನಿಂದ ಓದಲು ಶುರು ಮಾಡಿದ.