ಕಂಪನಿ ತೆಗೆದದ್ದನ್ನು ನಾನು ಮತ್ತೆ ಹಾಕುತ್ತಿದ್ದೇನೆ

ಕಾರು ಮಾಡಿಫೈ ಮಾಡುತ್ತಿದ್ದೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: ‘ಪವರ್ ಎಷ್ಟು ಏರಿತು?’ ನನ್ನ ಬ್ರಿಟಿಷ್ ಕಾರು ರೋವರ್ 75 ಟೂರರ್‌ನ ಪವರ್ ಕಂಪನಿ ಕೊಟ್ಟಷ್ಟೇ ಇದೆ, 116 ಪಿಎಸ್ (ಅಶ್ವಶಕ್ತಿ). ಅದನ್ನು ನಾನು ಮುಟ್ಟಿಲ್ಲ, ಮುಟ್ಟುವ ಆಸೆಯೂ ಇಲ್ಲ. ಕಂಪನಿ ತನ್ನ ಕಷ್ಟಕಾಲದಲ್ಲಿ ಈ ಕಾರಿನಿಂದ ಏನೇನು ಕಡಿಮೆ ಮಾಡಿತೋ ಅದನ್ನು ಗುಜರಿಯಿಂದ ಹುಡುಕಿ ತಂದು ಒಂದೊಂದಾಗಿ ಮತ್ತೆ ಹಾಕುತ್ತಿದ್ದೇನೆ. ಅದರ ಜೊತೆಗೆ, ಈ ಮಾಡೆಲ್ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ಇಪ್ಪತ್ತು ವರ್ಷದಿಂದ ಎಲ್ಲರಿಗೂ ಗೊತ್ತಿದೆಯೋ ಅಲ್ಲಿ ಬೇರೆ ಕಾರಿನ ಅಗ್ಗದ ಭಾಗ ಕೂರಿಸಿ ಗಟ್ಟಿ ಮಾಡುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಮಾಡಿಫಿಕೇಶನ್ ಅಂದರೆ ಇಷ್ಟೇ.

ಕಾರು 2003ರದ್ದು, ಡೀಸೆಲ್. ಟೂರರ್ ಅಂದರೆ ರೋವರ್ 75ರ ಎಸ್ಟೇಟ್ ರೂಪ. ಎಸ್ಟೇಟ್ ಅಂದರೇನು ಅನ್ನುವುದು ಊರಲ್ಲಿ ಹಳೇ ಟಾಟಾ ಎಸ್ಟೇಟ್ ನೋಡಿದವರಿಗೆ ಗೊತ್ತು. ಡಿಕ್ಕಿ ಬೇರೆ ಇಲ್ಲದೆ, ಚಾವಣಿ ಕೊನೆಯವರೆಗೂ ಚಾಚಿಕೊಂಡಿರುವ ಉದ್ದನೆಯ ಗಾಡಿ. ಇಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ನಾರ್ತ್‌ಫೀಲ್ಡ್‌ನಲ್ಲಿ 700 ಪೌಂಡ್ ಕೊಟ್ಟು ಕೊಂಡೆ. ಮನೆಯಿಂದ ಸ್ವಲ್ಪ ದೂರದಲ್ಲೇ ಲಾಂಗ್‌ಬ್ರಿಡ್ಜ್. ಈ ಕಾರು ಹುಟ್ಟಿದ ಕಾರ್ಖಾನೆ ಇದ್ದದ್ದು ಅಲ್ಲೇ.

ಕಥೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ‘ಮತ್ತೆ ಹಾಕುವುದು’ ಯಾಕೆ ಅಂತ ತಿಳಿಯುವುದಿಲ್ಲ. ರೋವರ್ 75 ಮೊದಲು ಕಂಡಿದ್ದು 1998ರ ಅಕ್ಟೋಬರ್‌ನಲ್ಲಿ, ಬರ್ಮಿಂಗ್‌ಹ್ಯಾಮ್ ಮೋಟಾರ್ ಶೋನಲ್ಲಿ. ಆಗ ರೋವರ್ ಬಿಎಂಡಬ್ಲ್ಯು ಒಡೆತನದಲ್ಲಿತ್ತು. ರಿಚರ್ಡ್ ವುಲಿ ಗೆರೆ ಎಳೆದ ಆ ಕಾರಿಗೆ ದುಡ್ಡು ಧಾರಾಳವಾಗಿ ಸುರಿದಿದ್ದರು. ಮೊದಮೊದಲು ಆಕ್ಸ್‌ಫರ್ಡ್‌ ಹತ್ತಿರದ ಕೌಲಿಯಲ್ಲಿ ತಯಾರಾಯಿತು. 2000ದ ಮೇನಲ್ಲಿ ಬಿಎಂಡಬ್ಲ್ಯು ಕೈತೊಳೆದುಕೊಂಡು, ಕಂಪನಿಯನ್ನು ಹೆಸರಿಗೆ 10 ಪೌಂಡ್‌ಗೆ ಫೀನಿಕ್ಸ್ ಅನ್ನುವ ಗುಂಪಿಗೆ ಮಾರಿತು. 75ರ ತಯಾರಿಕೆ ಲಾಂಗ್‌ಬ್ರಿಡ್ಜ್‌ಗೆ ಬಂತು. ಟೂರರ್ ಹೊರಬಿದ್ದಿದ್ದು 2001ರಲ್ಲಿ. ಅಷ್ಟರಲ್ಲಿ ದುಡ್ಡಿಗೆ ಬರ. ಒಂದೊಂದು ಕಾರಿನ ಮೇಲೂ ಖರ್ಚು ಕಡಿಮೆ ಮಾಡಲು ‘ಪ್ರಾಜೆಕ್ಟ್ ಡ್ರೈವ್’ ಅಂತ ಶುರು ಮಾಡಿದರು. ಸದ್ದು ತಡೆಯುವ ಹಾಸು, ತುಕ್ಕು ತಡೆಯುವ ಮೇಣ, ಕಣ್ಣಿಗೆ ಬೀಳದ ಸಣ್ಣಪುಟ್ಟ ಸಾಮಾನು, ಎಲ್ಲದಕ್ಕೂ ಕತ್ತರಿ ಬಿತ್ತು. ಆದರೂ ಕಂಪನಿ ಉಳಿಯಲಿಲ್ಲ. 2005ರ ಏಪ್ರಿಲ್‌ನಲ್ಲಿ ಬಾಗಿಲು ಮುಚ್ಚಿತು, ಸುಮಾರು 6,000 ಜನ ಕೆಲಸ ಕಳೆದುಕೊಂಡರು.

ನಮ್ಮ ಎದುರು ಮನೆಯ ಹಿರಿಯರು ಅವರಲ್ಲಿ ಒಬ್ಬರು. ಟ್ರಿಮ್ ಲೈನಿನಲ್ಲಿ ಬಾಗಿಲಿಗೆ ಒಳಪ್ಯಾನೆಲ್ ಕೂರಿಸುತ್ತಿದ್ದವರು. ನಾನು ಕಾರು ತಂದ ದಿನ ಚಪ್ಪಲಿಯಲ್ಲೇ ರಸ್ತೆ ದಾಟಿ ಬಂದು ಬಾಗಿಲು ತೆಗೆದು, ಹಾಕಿ, ಸದ್ದು ಕೇಳಿದರು. “ಇದು ನಮ್ಮ ಮೊದಲಿನ ಬಾಗಿಲಲ್ಲ” ಅಂದರು. ಹಳೇ ಕಾರಿನದ್ದು ‘ಧಪ್’ ಅಂತ ಕೂರುತ್ತಿತ್ತಂತೆ, ಇದರಲ್ಲಿ ತಗಡಿನ ದನಿ ಇದೆ ಅಂತ. ಪ್ಯಾನೆಲ್ ಕಳಚುವುದನ್ನು ಕಲಿಸಿದ್ದೂ ಅವರೇ. ಹಿಡಿಯ ಹಿಂದಿನ ಸ್ಕ್ರೂ ಬಿಚ್ಚಿ, ಕೆಳಗಿನ ಅಂಚಿನಿಂದ ಪ್ಲಾಸ್ಟಿಕ್ ಮೀಟುಗೋಲು ತೂರಿಸಿ, ಒಂದೊಂದೇ ಕ್ಲಿಪ್ಪಿನ ಪಕ್ಕದಲ್ಲೇ ಮೀಟಬೇಕು. ಎರಡು ಕ್ಲಿಪ್ಪಿನ ನಡುವೆ ಮೀಟಿದರೆ ಪ್ಯಾನೆಲ್ಲೇ ಬಿರಿಯುತ್ತದೆ. ಕೊನೆಗೆ ಮೇಲಕ್ಕೆ ಎತ್ತಿ ಬಿಡಿಸಿಕೊಳ್ಳಬೇಕು. ಎಪ್ಪತ್ತು ದಾಟಿದ ಆ ಕೈಗಳು ಕಣ್ಣಲ್ಲಿ ನೋಡದೆಯೇ ಕ್ಲಿಪ್ ಎಲ್ಲಿದೆ ಅಂತ ಹೇಳುತ್ತಿದ್ದವು.

ಗುಜರಿಯಲ್ಲಿ 1999–2000ದ ಸೆಡಾನ್‌ಗಳು ಇನ್ನೂ ಆಗೊಮ್ಮೆ ಈಗೊಮ್ಮೆ ಸಿಗುತ್ತವೆ. ಟೂರರ್‌ನ ಹಿಂಭಾಗ ಬೇರೆ, ಆದರೆ ಮುಂದಿನ ಬಾಗಿಲು, ಮುಂದಿನ ಕಾರ್ಪೆಟ್ ಎಲ್ಲ ಸೆಡಾನಿನದ್ದೇ ಅಳತೆ. ಹಾಗೆ ಒಂದು ಹಳೇ ಕಾರಿನಿಂದ ಬಾಗಿಲ ಒಳಗಿನ ಫೆಲ್ಟ್, ಕಾರ್ಪೆಟ್ ಅಡಿಯ ದಪ್ಪ ಹಾಸು ಬಿಚ್ಚಿಕೊಂಡು ಬಂದೆ. ಗುಜರಿಯವನು ಅದಕ್ಕೆ ಬೆಲೆ ಕಟ್ಟಲು ಯೋಚಿಸಿ, ಕೊನೆಗೆ 15 ಪೌಂಡ್ ಅಂದ. ಒಗೆದು, ಬಿಸಿಲಿಗೆ (ಇಲ್ಲಿಯ ಬಿಸಿಲು ಅಂದರೆ ಎರಡು ವಾರ) ಹಾಕಿ, ಒಳಗೆ ಕೂರಿಸಿದ ಮೇಲೆ ಮೋಟಾರ್‌ವೇನಲ್ಲಿ ಟೈರಿನ ಮೊರೆತ ಕಾಲ ಬುಡದಿಂದ ದೂರ ಸರಿಯಿತು. ಹಿಂದೆ ಕೂತ ಮಗಳು ದನಿ ಏರಿಸದೆ ಮಾತಾಡುತ್ತಾಳೆ, ನನಗೆ ಕೇಳುತ್ತದೆ. ಪವರ್‌ಗೆ ದುಡ್ಡು ಹಾಕುವವರಿಗೆ ನಾನು ಹೇಳುವುದು ಇದನ್ನೇ: ಮೊದಲು ಸದ್ದಿಗೆ ಹಾಕಿ, ದಿನಾ ಅನುಭವಕ್ಕೆ ಬರುವುದು ಅದು.

ಮೇಣದ ಕೆಲಸ ಇನ್ನೂ ಅಗ್ಗ. ಬಾಗಿಲ ಕೆಳಗಿನ ಸಿಲ್‌ನಲ್ಲಿ ಕಂಪನಿಯೇ ಬಿಟ್ಟ ರಬ್ಬರ್ ಬಿರಡೆಗಳಿವೆ. ಅವನ್ನು ತೆಗೆದು ಉದ್ದನೆಯ ನಳಿಕೆ ತೂರಿಸಿ ಒಳಗೆಲ್ಲ ಕ್ಯಾವಿಟಿ ವ್ಯಾಕ್ಸ್ ಹೊಡೆಯುವುದು. ಡಬ್ಬಿಯನ್ನು ಮೊದಲು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟರೆ ಮೇಣ ತೆಳುವಾಗಿ ಸಂದಿಸಂದಿಗೂ ಹೋಗುತ್ತದೆ. ಸಿಲ್ಲಿನ ತಳದ ನೀರುಕಿಂಡಿಯಿಂದ ಮೇಣ ತೊಟ್ಟಿಕ್ಕಲು ಶುರುವಾದರೆ ಒಳಗೆ ತುಂಬಿದೆ ಅಂತ ಅರ್ಥ. ಆಮೇಲೆ ಆ ಕಿಂಡಿಯನ್ನು ತಂತಿಯಿಂದ ಮತ್ತೆ ಬಿಡಿಸುವುದನ್ನು ಮರೆಯಬಾರದು. ಕಟ್ಟಿದರೆ ನೀರು ಒಳಗೇ ನಿಂತು, ಮೇಣ ಹಾಕಿದ್ದೂ ದಂಡ.

ನೀರಿನ ಮಾತು ಬಂತು. ರೋವರ್ 75 ಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಎಂಜಿನ್ನಿನ ಬಗ್ಗೆ ಅಲ್ಲ, ಮುಂದಿನ ಗಾಜಿನ ಬುಡದ ಬಗ್ಗೆ. ವೈಪರ್ ಕೆಳಗೆ ಒಂದು ತೊಟ್ಟಿಯಂಥ ಜಾಗ ಇದೆ, ಪ್ಲೀನಮ್ ಅನ್ನುತ್ತಾರೆ. ಗಾಜಿನ ಮೇಲೆ ಬಿದ್ದ ಮಳೆ ಅಲ್ಲಿಗೆ ಇಳಿದು, ಎರಡೂ ಪಕ್ಕದ ರಬ್ಬರ್ ಕೊಳವೆಗಳ ಮೂಲಕ ಚಕ್ರದ ಕಮಾನಿನ ಹಿಂದೆ ಹೊರಗೆ ಹೋಗಬೇಕು. ಶರತ್ಕಾಲದ ಎಲೆ ಕೊಳೆತು ಕೊಳವೆಯ ತುದಿಯಲ್ಲಿ ಕಪ್ಪು ಕೆಸರಾಗಿ ಕಟ್ಟಿಕೊಂಡರೆ ತೊಟ್ಟಿ ತುಂಬುತ್ತದೆ. ಎಂಜಿನ್ನಿನ ಮೆದುಳಾದ ಇಸಿಯು ಕೂತಿರುವುದು ಅದೇ ತೊಟ್ಟಿಯಲ್ಲಿ. ಅದು ಮುಳುಗಿದರೆ ಚೆನ್ನಾಗಿ ಓಡುತ್ತಿರುವ ಕಾರೂ ಗುಜರಿಗೇ ಹೋಗುವುದು, ಯಾಕೆಂದರೆ ಇನ್ನೊಂದು ತಂದು ಕೀಲಿಗೆ ಹೊಂದಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ. ಪರಿಹಾರಕ್ಕೆ ಕಾಸು ಬೇಡ. ಕೊಳವೆ ಎಳೆದು ತೆಗೆದು, ಮುಚ್ಚಿಕೊಳ್ಳುವ ತುದಿಯನ್ನು ಕತ್ತರಿಸಿ ಬಾಯಿ ಅಗಲ ಮಾಡಿ ಮತ್ತೆ ಸಿಕ್ಕಿಸುವುದು. ಆಮೇಲೆ ಒಂದು ತಂಬಿಗೆ ನೀರು ಹೊಯ್ದು ಎರಡೂ ಪಕ್ಕ ಧಾರೆ ಬೀಳುತ್ತದಾ ಅಂತ ನೋಡುವುದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇದು ನನ್ನ ಭಾನುವಾರದ ಕೆಲಸ.

ಕೈಕೊಡುವ ಎರಡನೆಯ ಜಾಗ ಥರ್ಮೋಸ್ಟ್ಯಾಟ್, ಅಂದರೆ ಎಂಜಿನ್ ಬಿಸಿಯೇರುವವರೆಗೆ ತಣಿಸುವ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ. ಈ ಕಾರಿನಲ್ಲಿರುವುದು ಬಿಎಂಡಬ್ಲ್ಯುವಿನ 1951 ಸಿಸಿ ಡೀಸೆಲ್ ಎಂಜಿನ್. ಬೆಲ್ಟ್ ಅಲ್ಲ, ಟೈಮಿಂಗ್ ಚೈನ್. ಗಟ್ಟಿಮುಟ್ಟು. ಆದರೆ ಅದರ ಥರ್ಮೋಸ್ಟ್ಯಾಟ್ ವಯಸ್ಸಾದಂತೆ ತೆರೆದುಕೊಂಡೇ ಉಳಿಯುತ್ತದೆ. ಆಗ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಹೀಟರಿನಿಂದ ಉಗುರುಬೆಚ್ಚಗಿನ ಗಾಳಿ ಬರುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಇದನ್ನು ಹೇಳುವುದಿಲ್ಲ. ಒಮ್ಮೆ ನಡುವಿಗೆ ಬಂದರೆ ಸಾಕಷ್ಟು ಏರುಪೇರಾದರೂ ಅಲ್ಲೇ ನಿಲ್ಲುವಂತೆ ಅದನ್ನು ಮಾಡಿದ್ದಾರೆ. ಮೂಲ ಥರ್ಮೋಸ್ಟ್ಯಾಟ್ ಬದಲಿಸಲು ಎಂಜಿನ್ನಿನ ಮುಂದೆ ಅರ್ಧ ದಿನ ಕಳಚಬೇಕು. ಅದಕ್ಕೆ ಈ ಕಾರು ಇಟ್ಟುಕೊಂಡವರು ಬಹಳ ಹಿಂದೆಯೇ ಒಂದು ದಾರಿ ಕಂಡುಕೊಂಡಿದ್ದಾರೆ. ಹಳೇ ರೆನೋ ಕಾರುಗಳಲ್ಲಿ ಥರ್ಮೋಸ್ಟ್ಯಾಟ್ ಕೊಳವೆಯ ಒಳಗೇ ಕೂರುತ್ತದೆ. ಅದನ್ನು ತಂದು ರೇಡಿಯೇಟರಿನ ಮೇಲಿನ ಹೋಸ್ ಒಳಗೆ ತೂರಿಸಿ, ಮೇಲೊಂದು ಕ್ಲಿಪ್ ಬಿಗಿದರೆ ಆಯಿತು. ಸ್ಪ್ರಿಂಗ್ ಇರುವ ಕಡೆ ಎಂಜಿನ್ನಿನತ್ತ ಇರಬೇಕು, ಒಳಗಿನ ಗಾಳಿ ಹೊರಹೋಗಲು ಅಂಚಿನಲ್ಲಿ ಒಂದು ಸಣ್ಣ ತೂತು ಕೊರೆಯಬೇಕು. ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಗಮನಿಸಿದ ಏಕೈಕ ಮಾಡಿಫಿಕೇಶನ್ ಇದು.

ಇನ್ನುಳಿದವು ಚಿಕ್ಕವು. ಎಂಜಿನ್ನಿನ ಹೊಗೆಯುಸಿರು ಹೊರಹೋಗುವ ಕಡೆ ಇರುವ ಬ್ರೀದರ್ ಫಿಲ್ಟರ್ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಟರ್ಬೊ ಸೀಲಿಗೆ ಕುತ್ತು. ಬಿಎಂಡಬ್ಲ್ಯು ಆಮೇಲೆ ಅದಕ್ಕೆ ಬದಲಾಗಿ ಕಟ್ಟಿಕೊಳ್ಳದ, ಸುಳಿಯಲ್ಲೇ ಎಣ್ಣೆ ಬೇರ್ಪಡಿಸುವ ಭಾಗ ತಂದಿತು. ಅದೇ ಇದಕ್ಕೂ ಕೂರುತ್ತದೆ. ಕಾರು ಮಂಕಾಗಿ ಓಡುತ್ತಿದ್ದರೆ ಗಾಳಿ ಅಳೆಯುವ ಸೆನ್ಸರಿನ ಪ್ಲಗ್ ಕಳಚಿ ಓಡಿಸಿ ನೋಡಿ. ಕಳಚಿದಾಗಲೇ ಚುರುಕಾದರೆ ಸೆನ್ಸರ್ ಹೋಗಿದೆ. ಸ್ಟಾರ್ಟ್ ಮಾಡುವಾಗ ಬಹಳ ಹೊತ್ತು ತಿರುಗಿಸಬೇಕಾಗುತ್ತಿದ್ದರೆ ಡೀಸೆಲ್ ಪಂಪಿನ ಕಡೆ ನೋಡಿ. ಎರಡಿವೆ, ಒಂದು ಟ್ಯಾಂಕಿನಲ್ಲಿ, ಇನ್ನೊಂದು ಬಾನೆಟ್ ಕೆಳಗೆ.

ವೇಗದ ಭಾಗಗಳ ಪೈಕಿ ನಾನು ಹಾಕಿದ್ದು ಒಂದೇ, ಅದೂ ನಿಲ್ಲಿಸಲು. ಇದೇ ಕಾರಿನ ಸ್ಪೋರ್ಟ್ಸ್ ರೂಪ ಎಂಜಿ ಝಡ್‌ಟಿ. ಅದರ 190 ಮಾಡೆಲ್ಲಿನ ಮುಂದಿನ ಬ್ರೇಕ್ ಡಿಸ್ಕ್ 325 ಮಿ.ಮೀ., ನನ್ನದರಲ್ಲಿ ಇದ್ದದ್ದು 284. ಬಿಚ್ಚಿಹಾಕಿದ ಒಂದು ಝಡ್‌ಟಿಯಿಂದ ಡಿಸ್ಕನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್, ಅದರ ಚೌಕಟ್ಟು, 17 ಇಂಚಿನ ಚಕ್ರ ಸಮೇತ ಕೊಂಡೆ, ಡಿಸ್ಕ್ ಮತ್ತು ಪ್ಯಾಡ್ ಮಾತ್ರ ಹೊಸವು. ಯುಗಾದಿಗೆ ಇಲ್ಲಿಯ ಕನ್ನಡದವರೆಲ್ಲ ಸೇರಿದಾಗ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ, ಮಡಚುವ ಮೇಜು, ಹಾರ್ಮೋನಿಯಂ, ಮೇಲೆ ನಾಲ್ಕು ಜನ ಇಷ್ಟನ್ನೂ ಹೊತ್ತು ಇಳಿಜಾರಿನಲ್ಲಿ ಬರುವಾಗ ಆ ಬ್ರೇಕ್ ಕೊಡುವ ಧೈರ್ಯವೇ ಬೇರೆ. ವಿಮೆಯವರಿಗೆ ಇದನ್ನು ತಿಳಿಸಿದ್ದೇನೆ. ಈ ದೇಶದಲ್ಲಿ ಒಂದು ಸ್ಪ್ರಿಂಗ್ ಬದಲಿಸಿದರೂ ಹೇಳಲೇಬೇಕು, ಹೇಳದಿದ್ದರೆ ಅಪಘಾತವಾದ ದಿನ ಕೈಗೆ ಏನೂ ಬಾರದೆ ಹೋಗಬಹುದು. ವೇಗವೇ ಬೇಕೆನ್ನುವವರಿಗೆ ಒಂದು ಸಂಗತಿ: 2003ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪುಬಯಲಿನಲ್ಲಿ ಎಂಟು ಸಿಲಿಂಡರಿನ ಎಂಜಿ ಝಡ್‌ಟಿ ಎಸ್ಟೇಟ್ ಒಂದು ಗಂಟೆಗೆ 225.609 ಮೈಲಿ ಓಡಿತು. ಅಂದರೆ ಸುಮಾರು 363 ಕಿ.ಮೀ. ಹಿಂಭಾಗದ ಆಕಾರ ನನ್ನ ಕಾರಿನದ್ದೇ ಅನ್ನುವ ಹೆಮ್ಮೆ ನನಗೆ ಸಾಕು.

ಬರ್ಮಿಂಗ್‌ಹ್ಯಾಮ್ ನಡುಪೇಟೆಗೆ ಈ ಕಾರು ಹೋಗುವುದಿಲ್ಲ. 2021ರ ಜೂನ್‌ನಿಂದ ಅಲ್ಲಿ ಶುದ್ಧಗಾಳಿ ವಲಯ. ಯೂರೋ 6 ಎಂಬ ಹೊಗೆ ಮಾನದಂಡ ಮುಟ್ಟದ ಡೀಸೆಲ್ ಕಾರಿಗೆ ದಿನಕ್ಕೆ 8 ಪೌಂಡ್. ನನಗೆ ಅದು ಸರಿ ಅನ್ನಿಸುತ್ತದೆ. ಆ ರಸ್ತೆಗಳಲ್ಲೂ ಮಕ್ಕಳು ಶಾಲೆಗೆ ನಡೆದು ಹೋಗುತ್ತಾರೆ. ನಾರ್ತ್‌ಫೀಲ್ಡ್‌ನಿಂದ ನಡುಪೇಟೆಯ ನ್ಯೂ ಸ್ಟ್ರೀಟ್ ನಿಲ್ದಾಣಕ್ಕೆ ರೈಲಿದೆ, ಕೆಲಸಕ್ಕೆ ಅದರಲ್ಲೇ ಹೋಗುತ್ತೇನೆ. ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಕವಾಟ) ಮುಚ್ಚಿಬಿಡು, ಚೆನ್ನಾಗಿ ಎಳೆಯುತ್ತದೆ ಅಂತ ಸಲಹೆ ಕೊಡುವವರಿದ್ದಾರೆ. ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡಲು ಇಟ್ಟ ಭಾಗವನ್ನು ನಾನು ತೊಳೆಯುತ್ತೇನೆ, ಮುಚ್ಚುವುದಿಲ್ಲ.

ಊರಿಗೂ ಈ ಕಾರಿಗೂ ನಂಟು ಇಲ್ಲದಿಲ್ಲ. ತುಮಕೂರಿನಲ್ಲಿ ನಮ್ಮ ದೊಡ್ಡಪ್ಪ ಓಡಿಸುತ್ತಿದ್ದ ಅಂಬಾಸಿಡರ್ ಮೂಲತಃ ಮೋರಿಸ್ ಆಕ್ಸ್‌ಫರ್ಡ್, ಅದೂ ಕೌಲಿಯದ್ದೇ ಸಂತಾನ. 75ರ ಜೊತೆಜೊತೆಗೇ 2003ರಲ್ಲಿ ಟಾಟಾ ಇಂಡಿಕಾವನ್ನು ‘ಸಿಟಿರೋವರ್’ ಅಂತ ಇಲ್ಲಿ ಮಾರಿದ್ದರು. ಇವತ್ತು ರೋವರ್ ಅನ್ನುವ ಹೆಸರೇ ಟಾಟಾದವರ ಜಾಗ್ವಾರ್ ಲ್ಯಾಂಡ್ ರೋವರ್ ಕೈಯಲ್ಲಿದೆ. ದೊಡ್ಡಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, “ಹಂಗಾದ್ರೆ ಅದು ನಮ್ಮದೇ ಗಾಡಿ ಕಣೋ, ಆಯಿಲ್ ಮಾತ್ರ ಟೈಮಿಗೆ ಬದಲಿಸ್ತಿರು” ಅಂದರು.

ಏಪ್ರಿಲ್‌ನಲ್ಲಿ ಲಾಂಗ್‌ಬ್ರಿಡ್ಜ್ ಎದುರಿನ ಕಾಫ್ಟನ್ ಪಾರ್ಕಿನಲ್ಲಿ ‘ಪ್ರೈಡ್ ಆಫ್ ಲಾಂಗ್‌ಬ್ರಿಡ್ಜ್’ ಕೂಟ ನಡೆಯುತ್ತದೆ. ಹಳೇ ಕಾರ್ಮಿಕರು, ಹಳೇ ಕಾರುಗಳು, ಹುಲ್ಲಿನ ಮೇಲೆ ಸಾಲುಸಾಲು. ಎದುರು ಮನೆಯವರನ್ನು ಕೂರಿಸಿಕೊಂಡು ಹೋಗಬೇಕು ಅಂತ ಇದೆ. ಅದಕ್ಕೂ ಮೊದಲು ಎಂಒಟಿ ಪರೀಕ್ಷೆ ಇದೆ, ಕಾರು ರಸ್ತೆಗೆ ಯೋಗ್ಯವೇ ಅಂತ ವರ್ಷಕ್ಕೊಮ್ಮೆ ನೋಡುವುದು. ಅದರ ಗರಿಷ್ಠ ಶುಲ್ಕ 54.85 ಪೌಂಡ್, ಆದರೆ ಹಳೇ ಕಾರಿಗೆ ಖರ್ಚು ಇರುವುದು ಶುಲ್ಕದಲ್ಲಲ್ಲ, ಅವರು ಬರೆದುಕೊಡುವ ಪಟ್ಟಿಯಲ್ಲಿ. ಕಳೆದ ಸಲ ಹಿಂದಿನ ಬ್ರೇಕ್ ಪೈಪಿಗೆ ತುಕ್ಕು ಹಿಡಿಯುತ್ತಿದೆ ಅಂತ ಎಚ್ಚರಿಕೆ ಬರೆದಿದ್ದರು. ಅದು ಹಿಂದಿನ ಚಕ್ರಗಳನ್ನು ಹಿಡಿದಿರುವ ಚೌಕಟ್ಟಾದ ಸಬ್‌ಫ್ರೇಮಿನ ಮೇಲಿಂದ ಹಾದುಹೋಗುತ್ತದೆ, ಕೈ ಹೋಗುವುದೇ ಕಷ್ಟ. ತಾಮ್ರ-ನಿಕಲ್ ಪೈಪಿನ ಸುರುಳಿ ತಂದಿಟ್ಟಿದ್ದೇನೆ, ಅದು ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಾಗುತ್ತದೆ. ತುದಿ ಅರಳಿಸುವ ಫ್ಲೇರಿಂಗ್ ಟೂಲ್ ಎದುರು ಮನೆಯವರದ್ದು. ಸಬ್‌ಫ್ರೇಮನ್ನು ಸ್ವಲ್ಪ ಕೆಳಗಿಳಿಸಿ ಮಾಡುವುದೋ ಅಥವಾ ಬೇರೆ ದಾರಿಯಲ್ಲಿ ಪೈಪ್ ಎಳೆಯುವುದೋ ಅಂತ ಇಬ್ಬರಿಗೂ ಇನ್ನೂ ವಾದ ನಡೆದಿದೆ. ನಾನು ಕೆಳಗಿಳಿಸುವ ಪಕ್ಷ. ಹೇಗೂ ಇಳಿಸಿದರೆ ಅದರ ಮೇಲ್ಭಾಗಕ್ಕೂ ಮೇಣ ಹೊಡೆಯಬಹುದು.