ಮೂರು ದಿನ ಆ ಮಗ ಎಲ್ಲಿ ಉಣ್ತು?

ಕ್ರಿಸ್ಮಸ್ ಕಳೆದ ಮೇಲೆ ಬರುವ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಅವತ್ತು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ನೋಡೋಕೆ ಬಂದವರು, ಫೋಟೋ ತೆಗೆಸಿಕೊಳ್ಳೋಕೆ ಬಂದವರು, ಪೂಜೆಗೆ ಬಂದವರು ಎಲ್ಲ ಕಲೆತುಹೋಗಿರುತ್ತಾರೆ. ಚಾವಣಿ ಬೇರೆ ಅಷ್ಟು ಎತ್ತರ. ಮೈಕಿನ ಮಾತು ಒಂದು ಸಲ ನೇರ ಕಿವಿಗೆ ಬರುತ್ತೆ, ಇನ್ನೊಂದು ಸಲ ಗೋಡೆಗೆ ಬಡಿದು ಬರುತ್ತೆ. ಅದಕ್ಕೇ ನಾನು ಮೊಬೈಲಿನಲ್ಲಿ ಅವತ್ತಿನ ವಾಚನ, ಅಂದರೆ ಪೂಜೆಯಲ್ಲಿ ಓದುವ ಬೈಬಲ್ ಭಾಗ, ತೆಗೆದು ಓದುತ್ತಾ ಕೂರುತ್ತಿದ್ದೆ. ಪಕ್ಕದಲ್ಲಿದ್ದ ದೊಡ್ಡಮ್ಮ ಮೊಣಕೈಯಲ್ಲಿ ತಿವಿಯುತ್ತಿದ್ದರು. "ಮಡಗ್ಲಾ ಅದ. ಅವ್ರು ಓದ್ತಾವ್ರೆ, ನೀನು ಕೇಳು."

ದೊಡ್ಡಮ್ಮ ಮಂಡ್ಯ ಕಡೆಯವರು. ಓದು ಬರೆಹ ಬಾರದು. ಆದರೆ ಯೇಸುವಿನ ಕಥೆ ಹೇಳುವ ಶುಭಸಂದೇಶ ಯಾವುದು ಶುರುವಾದರೂ ಮುಂದಿನ ಸಾಲು ಅವರ ತುಟಿ ಮೇಲೆ ಮೊದಲೇ ಬಂದಿರುತ್ತೆ. ಇದೇನು ಪವಾಡ ಅಲ್ಲ. ನಮ್ಮ ಕಥೋಲಿಕರಲ್ಲಿ 1969ರಿಂದ ಈಚೆಗೆ ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಒಂದು ವರ್ಷ ಮತ್ತಾಯ ಬರೆದ ಶುಭಸಂದೇಶ, ಮುಂದಿನ ವರ್ಷ ಮಾರ್ಕ, ಆಮೇಲೆ ಲೂಕ. ಯೊವಾನ್ನ ಹೆಚ್ಚಾಗಿ ಈಸ್ಟರ್ ಆಸುಪಾಸು. ಒಂದು ಭಾನುವಾರವೂ ತಪ್ಪಿಸದೆ ಕೂತವರಿಗೆ ಅದೇ ಕಥೆ ಮೂರು ವರ್ಷಕ್ಕೊಮ್ಮೆ ಮನೆಗೆ ಬರುವ ನೆಂಟನ ಹಾಗೆ ಬಂದು ಹೋಗುತ್ತೆ.

2018ರ ಆ ಭಾನುವಾರ ಓದಿದ್ದು ಲೂಕನ ಎರಡನೇ ಅಧ್ಯಾಯ. ಹನ್ನೆರಡು ವರ್ಷದ ಯೇಸು ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಹೋಗಿ ಅಲ್ಲೇ ಉಳಿದುಬಿಡುತ್ತಾನೆ. ನೆಂಟರಿಷ್ಟರ ಜೊತೆ ಇದ್ದಾನೆ ಅಂದುಕೊಂಡು ಅಪ್ಪ ಅಮ್ಮ ಒಂದು ದಿನದ ದಾರಿ ನಡೆದಿರುತ್ತಾರೆ. ವಾಪಸ್ ಓಡಿ ಹುಡುಕಿದರೆ ಸಿಕ್ಕಿದ್ದು ಮೂರು ದಿನದ ಮೇಲೆ, ದೇವಾಲಯದಲ್ಲಿ, ಬೋಧಕರ ನಡುವೆ. ಪೂಜೆ ಮುಗಿಸಿ ಬಸ್ಸಿಗೆ ಕಾಯುವಾಗ ದೊಡ್ಡಮ್ಮ ಕೇಳಿದರು, "ಮೂರು ದಿನ ಆ ಮಗ ಎಲ್ಲಿ ಉಣ್ತು? ಯಾರ್ಲಾ ಅನ್ನ ಇಕ್ಕಿದ್ರು?" ನಾನು ನಕ್ಕುಬಿಟ್ಟೆ. ದೇವರ ಮಗನ ಬಗ್ಗೆ ಪ್ರಬೋಧನೆ ಕೇಳಿಸಿಕೊಂಡು ಬಂದವರು ಊಟದ ವಿಚಾರ ಎತ್ತುತ್ತಾರಲ್ಲ ಅಂತ.

2021ರಲ್ಲಿ ಮತ್ತೆ ಅದೇ ವಾಚನ. ಎಲ್ಲರ ಮುಖಕ್ಕೂ ಮಾಸ್ಕ್. ಏನು ಕೇಳಿದೆನೋ ನಿಜವಾಗಿ ನೆನಪಿಲ್ಲ.

2024ರ ದಸರಾದಲ್ಲಿ ವಸ್ತುಪ್ರದರ್ಶನಕ್ಕೆ ಹೋಗಿದ್ದೆವು. ಒಂಬತ್ತು ವರ್ಷದ ಮಗ ಹೆಂಡತಿ ಜೊತೆ ಇದ್ದಾನೆ ಅಂತ ನಾನು, ನನ್ನ ಜೊತೆ ಇದ್ದಾನೆ ಅಂತ ಅವಳು. ಇಪ್ಪತ್ತೇ ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ನನ್ನ ಬಾಯಿ ಒಣಗಿ ಅವನ ಹೆಸರು ಕೂಗೋಕೂ ಆಗುತ್ತಿರಲಿಲ್ಲ, ಮತ್ತೆ ಮತ್ತೆ ತಲೆಗೆ ಬರುತ್ತಿದ್ದದ್ದು ಒಂದೇ: ಮಧ್ಯಾಹ್ನ ಅವನು ಸರಿಯಾಗಿ ಊಟ ಮಾಡಿರಲಿಲ್ಲ. ಕೊನೆಗೆ ಡೆಲ್ಲಿ ಹಪ್ಪಳದ ಅಂಗಡಿ ಮುಂದೆ ಸಿಕ್ಕಿದ. ಹಪ್ಪಳ ಎಣ್ಣೆಯಲ್ಲಿ ಉಬ್ಬೋದನ್ನೇ ನೋಡುತ್ತಾ, ಕರಿಯುವವರಿಗೆ ಅದು ಇದು ಪ್ರಶ್ನೆ ಹಾಕುತ್ತಾ ನಿಂತಿದ್ದ. ಹೆಂಡತಿ ಅಳುತ್ತಾ "ಯಾಕೋ ಹಿಂಗ್ ಮಾಡ್ದೆ?" ಅಂದಳು. ಅವನು, "ಇಲ್ಲೇ ಇದ್ನಲ್ಲ!"

ಎರಡು ತಿಂಗಳು ಕಳೆದು ಡಿಸೆಂಬರ್ 29ರ ಭಾನುವಾರ ಮೊಬೈಲ್ ಜೇಬಿನಲ್ಲೇ ಇತ್ತು. ಗುರುಗಳು ಓದುತ್ತಾ, "ಮಗನೇ, ನಮಗೇಕೆ ಹೀಗೆ ಮಾಡಿದೆ" ಅಂತ ಮರಿಯಮ್ಮ ಕೇಳುವ ಜಾಗ ಬಂದಾಗ ಪಕ್ಕದಲ್ಲಿ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಅದಕ್ಕೆ ಯೇಸು ಉತ್ತರ ಕೊಟ್ಟ ಮೇಲೆ ಬರುವ ಸಾಲು ನನಗೆ ಅವತ್ತೇ ಮೊದಲ ಸಲ ಕೇಳಿಸಿದ್ದು. ಆತನ ಮಾತು ತಂದೆತಾಯಿಗೆ ಅರ್ಥವಾಗಲಿಲ್ಲ ಅಂತ ಲೂಕ ಬರೆಯುತ್ತಾನೆ! ಮರಿಯಮ್ಮನಿಗೇ ಅರ್ಥವಾಗಲಿಲ್ಲ. ಆಕೆ ಅದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಳು, ಅಷ್ಟೇ.

ಇನ್ನೊಂದು ವಿಷಯ. ಯೇಸು ಅಲ್ಲಿ ಕೂತು ಬೋಧಕರ ಮಾತು ಕೇಳುತ್ತಿದ್ದ, ಅವರನ್ನು ಪ್ರಶ್ನೆ ಕೇಳುತ್ತಿದ್ದ. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಅಲ್ವಾ? ಆಮೇಲೆ ಆತ ನಜರೇತಿಗೆ ಹೋಗಿ ಅಪ್ಪ ಅಮ್ಮನ ಮಾತು ಕೇಳಿಕೊಂಡು ಇದ್ದ ಅಂದರೆ ಮೂರನೇ ಅರ್ಥವೂ ಬಂತು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನಾ ಗ್ರಂಥದ ಶುರುವಿನಲ್ಲೂ ಓದುವವನು ಒಬ್ಬ, ಕೇಳುವವರು ಹಲವರು. ಆಗಿನ ಸಭೆಗಳಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕಿತ್ತು, ಉಳಿದವರಿಗೆ ಕಿವಿಯೇ ಪುಸ್ತಕ. ನಮ್ಮ ದೊಡ್ಡಮ್ಮ ಅವರ ಸಾಲಿನವರು. ಸುಮ್ನೆ ಕೇಳಿಸಿಕೊಂಡು ಬರುವವರಲ್ಲ, ತಿರುಗಿ ಕೇಳುವವರು. ಅನ್ನ ಯಾರು ಇಕ್ಕಿದರು ಅಂತ ಲೂಕ ಬರೆದಿಲ್ಲ. ಆದರೆ ಮರಿಯಮ್ಮ ಆ ಮೂರು ದಿನ ಅದನ್ನೇ ಯೋಚಿಸಿರುತ್ತಾಳೆ ಅಂತ ಈಗ ನನಗೆ ಅನುಮಾನವಿಲ್ಲ.

ದೊಡ್ಡಮ್ಮನ ಕಿವಿ ಈಗ ಮಂದ. ಸ್ಪೀಕರ್ ಪಕ್ಕದ ಬೆಂಚು ಹಿಡಿಯೋಕೆ ಅರ್ಧ ಗಂಟೆ ಮೊದಲೇ ಹೊರಡಿಸುತ್ತಾರೆ. ತಪ್ಪಿಹೋದ ಮಾತನ್ನು ಮನೆಗೆ ಬಂದ ಮೇಲೆ ನನ್ನ ಮಗನ ಕೈಲಿ ಹೇಳಿಸುತ್ತಾರೆ. ಅವನು ಅರ್ಧಂಬರ್ಧ ಹೇಳಿದರೆ ಬಿಡೋದಿಲ್ಲ, "ಆಮೇಕೆ? ಆಮೇಕೆ ಏನಾಯ್ತು?" ಅಂತ ಕೂರುತ್ತಾರೆ. ಅದೇ ವಾಚನ ಮತ್ತೆ ಬರೋದು 2027ರ ಡಿಸೆಂಬರ್ 26ಕ್ಕೆ. ಆಗ ಅವನಿಗೂ ಹನ್ನೆರಡು.